ಕಾಗದದ ಮೇಲೆ ಆಡಿದ ಹ್ಯಾಮ್ಲೆಟ್

ಕಾದಂಬರಿ ಪುಸ್ತಕದಲ್ಲೇ ಮುಗಿಯುತ್ತದೆ. ನಾಟಕ ಹಾಗಲ್ಲ, ಅಚ್ಚಾದ ನಾಟಕ ಯಾವತ್ತೂ ಅರ್ಧ ನಾಟಕ. ಯಕ್ಷಗಾನದ ಪ್ರಸಂಗ ಪುಸ್ತಕವನ್ನು ಒಮ್ಮೆ ತೆರೆದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿರುವುದು ಪದ್ಯಗಳು. ಅರ್ಥ, ಕುಣಿತ, ವೇಷ, ಚೆಂಡೆ ಮದ್ದಳೆ ಎಲ್ಲವೂ ರಂಗಸ್ಥಳಕ್ಕೆ ಬಿಟ್ಟದ್ದು. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರಿಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳೂ ಹೀಗೆಯೇ, ಆಟ ನೋಡಿದವರ ನೆನಪಿಗೊಂದು ಆಸರೆಯಾಗಿದ್ದವೇ ಹೊರತು ತಾವೇ ಆಟವೆಂದು ಹೇಳಿಕೊಂಡವಲ್ಲ. ಷೇಕ್ಸ್‌ಪಿಯರನ ನಾಟಕಗಳು ಮೊದಲು ಅಚ್ಚಾದಾಗಿನ ಕತೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ‘ಹ್ಯಾಮ್ಲೆಟ್’ 1603ರಲ್ಲಿ ಮೊದಲ ಬಾರಿ ಅಚ್ಚಾಯಿತು. ಕ್ವಾರ್ಟೊ ಅಳತೆಯ ಆ ಸಣ್ಣ ಪುಸ್ತಕದಲ್ಲಿರುವುದು ನಾವೀಗ ಓದುವ ನಾಟಕದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಮರುವರ್ಷದ ಹೊತ್ತಿಗೆ, 1604-05ರಲ್ಲಿ, ಅದರ ಸುಮಾರು ಎರಡರಷ್ಟು ಉದ್ದದ ಎರಡನೆಯ ಕ್ವಾರ್ಟೊ ಬಂತು. ಅದರಲ್ಲಿ ಅಂಕಗಳ ವಿಂಗಡಣೆಯಿಲ್ಲ, ದೃಶ್ಯಗಳ ಎಣಿಕೆಯಿಲ್ಲ. ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ನೋಡಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂಬುದನ್ನೆಲ್ಲ ಆಡುವವರು ತುಂಬಿಕೊಳ್ಳಬೇಕು.

ಆ ತುಂಬಬೇಕಾದ ಅರ್ಧವನ್ನು ರಂಗಭೂಮಿ ತುಂಬುತ್ತದೆ ಎಂಬುದು ಸರಿಯೇ. ಅದನ್ನು ಪುಸ್ತಕವೂ ತುಂಬಬಲ್ಲದೇ ಎಂಬುದು ಇಲ್ಲಿನ ಪ್ರಶ್ನೆ. ಶ್ರೇಷ್ಠ ನಾಟಕವೊಂದನ್ನು ಎತ್ತಿಕೊಂಡು ಕಲಾವಿದರು ಕೈಯಿಂದಲೇ ಮಾಡುವ ಪುಸ್ತಕಗಳಿವೆ. ಕೈಕಾಗದ, ಕೈಯಿಂದ ಜೋಡಿಸಿದ ಅಚ್ಚುಮೊಳೆ, ಮರದಲ್ಲಿ ಕೊರೆದ ಚಿತ್ರ, ದಾರದ ಹೊಲಿಗೆ ಇವುಗಳಿಂದ ಆದ ಕಲಾಕೃತಿಗಳು. ಇಂಥವುಗಳ ಬಗ್ಗೆ ಸಾಮಾನ್ಯವಾಗಿರುವ ಅಭಿಪ್ರಾಯವೆಂದರೆ, ನಾಟಕ ಮೊದಲೇ ಇದೆ, ಕಲಾವಿದ ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಿದ್ದಾನೆ, ಅಷ್ಟೇ. ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ನಾಟಕದಿಂದ ಪುಸ್ತಕ ಮಾಡಲು ಹೊರಟವನು ನಿರ್ದೇಶಕನ ಕೆಲಸವನ್ನೇ ಮಾಡುತ್ತಿರುತ್ತಾನೆ. ಕಾಗದದ ದಪ್ಪ, ಅಕ್ಷರದ ಆಕಾರ, ಪುಟದ ಅಂಚು, ಮಸಿಯ ಗಾಢತೆ, ಮಡಿಕೆ ಬೀಳುವ ಜಾಗ, ಇವೆಲ್ಲ ರಂಗಸಜ್ಜಿಕೆ ಮತ್ತು ಬೆಳಕಿನಷ್ಟೇ ನಿರ್ಣಾಯಕ ತೀರ್ಮಾನಗಳು. ಸರಿಯಾಗಿ ಮಾಡಿದ ಇಂಥ ಪುಸ್ತಕವನ್ನು ನಾಟಕದ ಒಂದು ಪ್ರಯೋಗವೆಂದೇ ಎಣಿಸಬೇಕು. ಹೀಗೆ ಹೇಳಲು ನನಗೆ ಸಿಕ್ಕಿರುವ ಅತ್ಯಂತ ಗಟ್ಟಿ ಪುರಾವೆ ಜರ್ಮನಿಯ ವೈಮಾರ್ ನಗರದ ಕ್ರಾನಾಖ್ ಪ್ರೆಸ್ ಹೊರತಂದ ‘ಹ್ಯಾಮ್ಲೆಟ್’. 1928ರ ಇಸವಿ ಹೊತ್ತ ಜರ್ಮನ್ ಆವೃತ್ತಿ ಮೊದಲು ಬಂತು, 1930ರಲ್ಲಿ ಇಂಗ್ಲಿಷ್ ಆವೃತ್ತಿ. ಇಪ್ಪತ್ತನೆಯ ಶತಮಾನದ ಅತ್ಯುತ್ತಮ ಕೈಮುದ್ರಣದ ಪುಸ್ತಕಗಳನ್ನು ಹೆಸರಿಸುವವರು ಇದನ್ನು ಬಿಡುವುದಿಲ್ಲ.

ಪ್ರೆಸ್ಸಿನ ಒಡೆಯ ಕೌಂಟ್ ಹ್ಯಾರಿ ಕೆಸ್ಲರ್, ಬ್ಯಾಂಕರ್ ತಂದೆಯ ಮಗ, ಕಲಾಪೋಷಕ, ರಾಜತಂತ್ರಜ್ಞ, ಯುರೋಪಿನ ಕಲಾಲೋಕದ ಬಹುತೇಕ ಎಲ್ಲರ ಪರಿಚಯವಿದ್ದ ಮನುಷ್ಯ. 1913ರಲ್ಲಿ ಅವನು ಈ ಮುದ್ರಣಾಲಯವನ್ನು ಕಟ್ಟಿದ. ಚಿತ್ರಗಳನ್ನು ಕೊರೆದವನು ಎಡ್ವರ್ಡ್ ಗಾರ್ಡನ್ ಕ್ರೇಗ್, 1872ರಲ್ಲಿ ಹುಟ್ಟಿದ ಇಂಗ್ಲಿಷ್ ರಂಗಕರ್ಮಿ, ಆ ಕಾಲದ ಮಹಾನಟಿ ಎಲೆನ್ ಟೆರಿಯ ಮಗ. ತಾನೂ ನಟನಾಗಿ ಬೆಳೆದು, ಆಮೇಲೆ ನಟನೆಯನ್ನು ಬಿಟ್ಟು, ರಂಗಭೂಮಿಯನ್ನು ಬುಡದಿಂದ ಬದಲಿಸಬೇಕೆಂದು ಹೊರಟವನು. ಬಣ್ಣ ಬಳಿದ ಪರದೆಗಳಲ್ಲಿ ಅರಮನೆ, ಕಾಡು, ಬೀದಿಗಳನ್ನು ಬರೆದು ತೂಗುಹಾಕುವ ಪದ್ಧತಿ ಅವನಿಗೆ ಹಿಡಿಸಲಿಲ್ಲ. ಅದರ ಬದಲು ಕೀಲುಗಳಿರುವ ಎತ್ತರದ ಮಡಿಕೆ ಹಲಗೆಗಳನ್ನು ಯೋಚಿಸಿದ. ಬರೀ ಹಲಗೆ, ಅದರ ಮೇಲೆ ಬೆಳಕು. ಅವು ಜರುಗಿದಂತೆ ಕೋಣೆ ಓಣಿಯಾಗಬೇಕು, ಓಣಿ ಬಯಲಾಗಬೇಕು. 1910ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಪಡೆದ. ಮರುವರ್ಷ ಡಬ್ಲಿನ್ನಿನ ಅಬ್ಬೆ ಥಿಯೇಟರಿನಲ್ಲಿ ಕವಿ ಯೇಟ್ಸ್ ಅವುಗಳನ್ನು ಬಳಸಿದ.

ಈ ಹಲಗೆಗಳ ದೊಡ್ಡ ಪರೀಕ್ಷೆ ನಡೆದದ್ದು ಮಾಸ್ಕೋದಲ್ಲಿ. ನರ್ತಕಿ ಇಸಡೋರಾ ಡಂಕನ್ ಮೂಲಕ ರಷ್ಯಾದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಗೆ ಕ್ರೇಗ್‌ನ ವಿಷಯ ತಿಳಿದು, ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ‘ಹ್ಯಾಮ್ಲೆಟ್’ ಮಾಡಲು ಅವನನ್ನು ಕರೆಸಿಕೊಂಡರು. ವರ್ಷಗಟ್ಟಲೆ ತಯಾರಿ ನಡೆದು 1912ರ ಜನವರಿಯಲ್ಲಿ ನಾಟಕ ರಂಗಕ್ಕೆ ಬಂತು. ಕ್ರೇಗ್‌ನ ಕಲ್ಪನೆ ಹೀಗಿತ್ತು: ಇಡೀ ನಾಟಕ ಹ್ಯಾಮ್ಲೆಟ್‌ನ ಕಣ್ಣಿಗೆ ಕಂಡಂತೆ ಕಾಣಬೇಕು. ಆಸ್ಥಾನದ ದೃಶ್ಯದಲ್ಲಿ ರಾಜ, ರಾಣಿ, ಪರಿವಾರದವರೆಲ್ಲ ಒಂದೇ ಬಂಗಾರದ ಬಟ್ಟೆಯೊಳಗೆ ಮುಳುಗಿ, ಅದರಿಂದ ತಲೆಗಳು ಮಾತ್ರ ಹೊರಗೆ ಕಾಣುವಂತೆ ಕೂರಬೇಕು. ಮುಂದುಗಡೆ, ಎಲ್ಲರಿಂದ ಬೇರೆಯಾಗಿ, ಕತ್ತಲಲ್ಲಿ ಹ್ಯಾಮ್ಲೆಟ್ ಒಬ್ಬನೇ. ಹಲಗೆಗಳು ಪ್ರೇಕ್ಷಕರ ಕಣ್ಣೆದುರೇ, ತೆರೆ ಬೀಳದೆ, ಸರಿದಾಡಬೇಕು. ಬಂಗಾರದ ಆಸ್ಥಾನ ರಂಗದ ಮೇಲೆ ಮೂಡಿತು, ಯುರೋಪಿನ ತುಂಬ ಮಾತಾಯಿತು. ಹಲಗೆಗಳ ಚಲನೆ ಮಾತ್ರ ಸಾಧ್ಯವಾಗಲಿಲ್ಲ. ಪ್ರದರ್ಶನಕ್ಕೆ ಸ್ವಲ್ಪವೇ ಮೊದಲು ಅವು ಒಂದರ ಮೇಲೊಂದು ಉರುಳಿಬಿದ್ದವು, ಕೊನೆಗೆ ತೆರೆ ಎಳೆದೇ ದೃಶ್ಯ ಬದಲಿಸಬೇಕಾಯಿತು ಎಂದು ಸ್ಟಾನಿಸ್ಲಾವ್‌ಸ್ಕಿ ತಮ್ಮ ಆತ್ಮಕಥೆಯಲ್ಲಿ ಬರೆದರು. ಕ್ರೇಗ್ ಈ ಮಾತನ್ನು ಒಪ್ಪಲಿಲ್ಲ. ಹಲಗೆ ಉರುಳಿತೋ ಇಲ್ಲವೋ, ನಟ ಕಚಾಲೊವ್ ಸ್ಟಾನಿಸ್ಲಾವ್‌ಸ್ಕಿಯ ಒಳಮನಸ್ಸಿನ ಪದ್ಧತಿಯಲ್ಲಿ ಹ್ಯಾಮ್ಲೆಟ್‌ನ ಪಾತ್ರವನ್ನು ಕಟ್ಟುತ್ತಿದ್ದಾಗ ಸುತ್ತಲಿನ ರಂಗ ಕ್ರೇಗ್‌ನ ಸಂಕೇತಗಳ ಭಾಷೆಯಲ್ಲಿ ಮಾತಾಡುತ್ತಿತ್ತು. ಎರಡು ಕೂಡಿಬರಲಿಲ್ಲ.

ಈ ಪ್ರಯೋಗದ ಸಿದ್ಧತೆಗಾಗಿ ಕ್ರೇಗ್ ಒಂದು ಪುಟ್ಟ ಮಾದರಿ ರಂಗವನ್ನು ಮಾಡಿಟ್ಟುಕೊಂಡಿದ್ದ. ಅದರ ಮೇಲೆ ನಿಲ್ಲಿಸಿ ಜರುಗಿಸಲು ತೆಳು ಮರದ ತುಂಡುಗಳಲ್ಲಿ ಪಾತ್ರಗಳ ಆಕೃತಿಗಳನ್ನು ಕತ್ತರಿಸಿಕೊಂಡಿದ್ದ. ಯಾರು ಎಲ್ಲಿ ನಿಂತರೆ ಹಲಗೆಗಳ ನಡುವೆ ಎಷ್ಟು ದೊಡ್ಡವರಾಗಿ, ಎಷ್ಟು ಕುಗ್ಗಿದವರಾಗಿ ಕಾಣುತ್ತಾರೆಂದು ನೋಡಲು ಅವು ಸಾಧನಗಳು. 1890ರ ದಶಕದಲ್ಲೇ ವಿಲಿಯಂ ನಿಕಲ್ಸನ್ ಮತ್ತು ಜೇಮ್ಸ್ ಪ್ರೈಡ್ ಅವರಿಂದ ಮರದಲ್ಲಿ ಚಿತ್ರ ಕೊರೆಯುವುದನ್ನು ಕಲಿತಿದ್ದ ಅವನಿಗೆ, ಈ ಆಕೃತಿಗಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಅಚ್ಚು ಮೂಡುತ್ತದೆಂಬುದು ಹೊಳೆಯಿತು. ‘ಕಪ್ಪು ಆಕೃತಿಗಳು’ ಎಂದು ಅವನೇ ಕರೆದ ಈ ಅಚ್ಚುಗಳೇ ಕ್ರಾನಾಖ್ ಹ್ಯಾಮ್ಲೆಟ್‌ಗೆ ಬೀಜ. ಕೆಸ್ಲರ್ ಅವುಗಳನ್ನು ನೋಡಿ, ಇವುಗಳಿಂದಲೇ ಪುಸ್ತಕ ಮಾಡೋಣ ಎಂದ. ನನ್ನ ವಾದ ನಿಂತಿರುವುದೇ ಈ ಸಂಗತಿಯ ಮೇಲೆ. ಸಾಮಾನ್ಯವಾಗಿ ಚಿತ್ರಕಾರ ನಾಟಕವನ್ನು ಓದಿ, ಮನಸ್ಸಿಗೆ ತೋಚಿದ್ದನ್ನು ಬರೆಯುತ್ತಾನೆ. ಇಲ್ಲಿ ಪುಟದ ಮೇಲೆ ನಿಂತಿರುವ ಹ್ಯಾಮ್ಲೆಟ್, ರಂಗದ ಅಳತೆಯೊಳಗೆ ನಿಂತು ನಡೆದಾಡಿದ ಗೊಂಬೆಯ ವಂಶದವನು. ಆ ಆಕೃತಿಗಳಿಗೆ ಮಾದರಿ ರಂಗದಲ್ಲೂ ಪುಟದಲ್ಲೂ ಕೆಲಸ ಒಂದೇ, ತಮ್ಮ ಸುತ್ತಲಿನ ಖಾಲಿ ಜಾಗಕ್ಕೆ ಅರ್ಥ ಕೊಡುವುದು.

ಕೆಲಸ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಚ್ಚುಮೊಳೆಗೆ ಒಂದು ಗೊತ್ತಾದ ಎತ್ತರವಿದೆ, ಒಂದು ಅಂಗುಲಕ್ಕಿಂತ ತುಸು ಕಡಿಮೆ. ಅಕ್ಷರಗಳ ಜೊತೆಗೇ ಚಿತ್ರವೂ ಅಚ್ಚಾಗಬೇಕಾದರೆ ಮರದ ಅಚ್ಚೂ ಅದೇ ಎತ್ತರಕ್ಕೆ ಬರಬೇಕು. ತೆಳು ಹಲಗೆಯಾದರೆ ಅಡಿಯಲ್ಲಿ ಮರದ ತಳ ಕೊಟ್ಟು ಎತ್ತರಿಸಬೇಕು. ಆಮೇಲೂ ಎಲ್ಲ ಕಡೆ ಒತ್ತು ಒಂದೇ ಸಮ ಬೀಳುವುದಿಲ್ಲ. ಅಲ್ಲಲ್ಲಿ ತೆಳು ಕಾಗದದ ಚೂರುಗಳನ್ನು ಅಂಟಿಸುತ್ತ, ಕರಡಚ್ಚು ತೆಗೆಯುತ್ತ, ಮತ್ತೆ ಚೂರು ಸೇರಿಸುತ್ತ ಹೋಗಬೇಕು. ಅಚ್ಚುಮೊಳೆಯ ಕಾಲದ ನಮ್ಮ ಕಂಪೋಸಿಟರುಗಳಿಗೂ ಮೆಷಿನ್‌ಮನ್ನರಿಗೂ ಈ ಕೆಲಸ ಅಂಗೈಗೆರೆಯಷ್ಟು ಪರಿಚಿತ. ಕ್ರೇಗ್‌ನ ಚಿತ್ರಗಳಲ್ಲಿ ಈ ಒತ್ತೇ ಬೆಳಕು. ಒಂದು ಹಲಗೆ ಗಾಢ ಕಪ್ಪು, ಪಕ್ಕದ್ದು ಮಂಕು ಬೂದು, ಅದರಾಚೆಯದು ಕಾಗದದ ಬಿಳುಪಿಗೆ ಹತ್ತಿರ. ಮಸಿ ಕಡಿಮೆ ಹಚ್ಚಿದ ಕಡೆ ಮರದ ಎಳೆಗಳೂ ಮೂಡುತ್ತವೆ. ಉದ್ದುದ್ದನೆಯ ಬೂದು ಚೌಕಗಳ ನಡುವೆ ಒಂದು ಸಣ್ಣ ಕಪ್ಪು ಆಕೃತಿ ನಿಂತಿರುವ ಪುಟವನ್ನು ನೋಡಿದರೆ ಅರಮನೆಯ ಎತ್ತರ, ಆ ಮನುಷ್ಯನ ಒಂಟಿತನ ಎರಡೂ ಒಟ್ಟಿಗೇ ತಾಗುತ್ತವೆ. ಮಾಸ್ಕೋದಲ್ಲಿ ದೀಪಗಳೂ ಕ್ಯಾನ್ವಾಸ್ ಹಲಗೆಗಳೂ ಮಾಡಬೇಕಾಗಿದ್ದ ಕೆಲಸ ಇದೇ. ಎಪ್ಪತ್ತಕ್ಕೂ ಹೆಚ್ಚು ಮರದಚ್ಚುಗಳು ಈ ಪುಸ್ತಕದಲ್ಲಿವೆ. ಕೆಲವು ಪುಟದ ಮುಕ್ಕಾಲು ಪಾಲನ್ನು ಆವರಿಸುತ್ತವೆ, ಕೆಲವು ಬೆರಳುದ್ದದ ಒಂದೇ ಆಕೃತಿಯಾಗಿ ಮಾತುಗಳ ಪಕ್ಕ ನಿಲ್ಲುತ್ತವೆ. ಎಲ್ಲೂ ಚಿತ್ರಕ್ಕೊಂದು ಪುಟ, ಮಾತಿಗೊಂದು ಪುಟ ಎಂದು ಪಾಲು ಮಾಡಿಲ್ಲ.

ಅಕ್ಷರಗಳ ಕತೆಯನ್ನೂ ಹೇಳಬೇಕು. ಈ ಪುಸ್ತಕಕ್ಕೆಂದೇ ಹೊಸ ಅಚ್ಚಕ್ಷರವನ್ನು ರೂಪಿಸಿದವನು ಎಡ್ವರ್ಡ್ ಜಾನ್‌ಸ್ಟನ್, ಲಂಡನ್ ಸುರಂಗ ರೈಲಿನ ಪ್ರಸಿದ್ಧ ಅಕ್ಷರಗಳನ್ನು ಬರೆದುಕೊಟ್ಟ ಅದೇ ಲಿಪಿಕಾರ. ಅವನು ಮಾದರಿಯಾಗಿ ಹಿಡಿದದ್ದು 1457ರಲ್ಲಿ ಮೈಂಟ್ಸ್ ನಗರದಲ್ಲಿ ಫುಸ್ಟ್ ಮತ್ತು ಶೋಫರ್ ಅಚ್ಚು ಹಾಕಿದ ಕೀರ್ತನೆಗಳ ಪುಸ್ತಕದ ಕಪ್ಪಕ್ಷರಗಳನ್ನು. ಉಕ್ಕಿನ ತುದಿಯಲ್ಲಿ ಒಂದೊಂದೇ ಅಕ್ಷರ ಕೊರೆಯುವ ಕೆಲಸವನ್ನು ಎಡ್ವರ್ಡ್ ಪ್ರಿನ್ಸ್ ಹೊತ್ತುಕೊಂಡ. ವಿಲಿಯಂ ಮಾರಿಸ್‌ನ ಕೆಲ್ಮ್‌ಸ್ಕಾಟ್ ಪ್ರೆಸ್ಸಿಗೂ ಅಕ್ಷರ ಕೊರೆದಿದ್ದವನು ಅವನೇ. 1923ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಕೆಲಸ ಬಾಕಿಯಿತ್ತು, ಬೇರೊಬ್ಬ ಕುಶಲಕರ್ಮಿ ಅದನ್ನು ಮುಗಿಸಿದ. ಇಷ್ಟೆಲ್ಲ ಪಾಡು ಯಾಕೆ ಎಂದರೆ, ಕ್ರೇಗ್‌ನ ಮರದಚ್ಚಿನ ದಟ್ಟ ಕಪ್ಪಿನ ಪಕ್ಕ ತೆಳ್ಳಗಿನ ರೋಮನ್ ಅಕ್ಷರ ನಿಂತರೆ ಮಾತು ಸೋತುಹೋಗುತ್ತಿತ್ತು. ಅಕ್ಷರಕ್ಕೂ ಆಕೃತಿಯಷ್ಟೇ ತೂಕ ಬೇಕಿತ್ತು. ರಂಗದಲ್ಲಿ ಸಜ್ಜಿಕೆಯ ಅಬ್ಬರಕ್ಕೆ ನಟನ ಧ್ವನಿ ಮುಳುಗಬಾರದೆಂದು ನಿರ್ದೇಶಕ ನೋಡಿಕೊಳ್ಳುತ್ತಾನಲ್ಲ, ಆ ಎಚ್ಚರವೇ ಇಲ್ಲಿ ಅಚ್ಚುಮೊಳೆಯ ರೂಪ ತಾಳಿದೆ. ಕಾಗದವನ್ನು ಶಿಲ್ಪಿ ಮಾಯೊಲ್ ಮತ್ತು ಕೆಸ್ಲರ್ ಸೇರಿ ರೂಪಿಸಿದ ವಿಧಾನದಲ್ಲಿ ಕೈಯಿಂದಲೇ ಎತ್ತಲಾಯಿತು. ಶೀರ್ಷಿಕೆಯ ಅಕ್ಷರಗಳನ್ನು ಮರದಲ್ಲಿ ಕೊರೆದವನು ಎರಿಕ್ ಗಿಲ್.

ಪುಟದ ಜೋಡಣೆ ಈ ಪುಸ್ತಕದ ಅತ್ಯಂತ ದಿಟ್ಟ ನಿರ್ದೇಶನ ಎಂದು ನನಗನ್ನಿಸುತ್ತದೆ. ನಡುವೆ ದೊಡ್ಡ ಅಕ್ಷರದಲ್ಲಿ ನಾಟಕ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹ್ಯಾಮ್ಲೆಟ್ ಕತೆಯ ಹಳೆಯ ಮೂಲಗಳು, ಡೆನ್ಮಾರ್ಕಿನ ಚರಿತ್ರೆಕಾರ ಸ್ಯಾಕ್ಸೊ ಗ್ರಮಾಟಿಕಸ್ ಲ್ಯಾಟಿನ್‌ನಲ್ಲಿ ಬರೆದದ್ದು, ಹದಿನಾರನೆಯ ಶತಮಾನದ ಬೆಲ್‌ಫೊರೆ ಫ್ರೆಂಚಿನಲ್ಲಿ ಹೇಳಿದ್ದು. ಮೂಲದ ಸುತ್ತ ಟೀಕೆ ಬರೆಯುತ್ತಿದ್ದ ಹಳೆಯ ಹಸ್ತಪ್ರತಿಗಳ ಕ್ರಮ ಇದು. ಸ್ಯಾಕ್ಸೊನ ಕತೆಯಲ್ಲಿ ರಾಜಕುಮಾರ ಹುಚ್ಚನಂತೆ ನಟಿಸಿ, ಹಿಂಜರಿಕೆಯಿಲ್ಲದೆ ಸೇಡು ತೀರಿಸಿಕೊಂಡು, ಕೊನೆಗೆ ತಾನೇ ರಾಜನಾಗುತ್ತಾನೆ. ಷೇಕ್ಸ್‌ಪಿಯರನ ರಾಜಕುಮಾರ ಪುಟದ ನಡುವೆ ತಡೆದು, ಯೋಚಿಸಿ, ಮತ್ತೆ ತಡೆದು ನಿಲ್ಲುವಾಗ, ಅಂಚಿನಲ್ಲಿ ಆ ಹಳೆಯ ಸೇಡಿನ ಕತೆ ಅವನನ್ನು ಕಾಯದೆ ಮುಂದೆ ಸಾಗುತ್ತಿರುತ್ತದೆ. ಇದನ್ನು ಯಾವ ರಂಗದ ಮೇಲೂ ಮಾಡಲಾಗದು. ಇಬ್ಬರು ಒಟ್ಟಿಗೆ ಮಾತಾಡಿದರೆ ಪ್ರೇಕ್ಷಕನಿಗೆ ಕೇಳುವುದು ಗದ್ದಲ. ಪುಟದ ಮೇಲಾದರೆ ಎರಡು ಕಾಲಗಳು ಒಂದನ್ನೊಂದು ಕೆಡಿಸದೆ ಅಕ್ಕಪಕ್ಕ ಇರಬಲ್ಲವು. ಪುಸ್ತಕ ರಂಗಭೂಮಿಯನ್ನು ನಕಲು ಮಾಡುತ್ತಿದೆ ಅಷ್ಟೇ ಎನ್ನುವವರಿಗೆ ನನ್ನ ಮೊದಲ ಉತ್ತರ ಈ ಅಂಚುಗಳು.

ಹಾಗಾದರೆ ಆಕ್ಷೇಪಗಳನ್ನು ಎದುರಿಸೋಣ. ಎಲ್ಲಕ್ಕಿಂತ ಹಳೆಯದು ಇದು: ಚಿತ್ರ ಹಾಕಿದರೆ ಓದುಗನ ಕಲ್ಪನೆಗೆ ಬೇಲಿ ಹಾಕಿದಂತೆ. ಓದುವವನ ಮನಸ್ಸಿನಲ್ಲಿ ನೂರು ಹ್ಯಾಮ್ಲೆಟ್ ಹುಟ್ಟಬಹುದಾಗಿದ್ದ ಕಡೆ ಒಬ್ಬನನ್ನು ನಿಲ್ಲಿಸಿಬಿಡುತ್ತೀರಿ. ಫ್ರಾನ್ಸಿನ ದೆಲಾಕ್ರೂವಾ 1843ರಲ್ಲಿ ಪ್ರಕಟಿಸಿದ ಹ್ಯಾಮ್ಲೆಟ್ ಕಲ್ಲಚ್ಚಿನ ಚಿತ್ರಗಳನ್ನು ನೋಡಿದರೆ ಈ ಆಕ್ಷೇಪಕ್ಕೆ ಬಲವಿದೆ ಎನ್ನಬೇಕು. ಅದ್ಭುತ ಚಿತ್ರಗಳು ಅವು. ಆದರೆ ಅಲ್ಲಿ ಹ್ಯಾಮ್ಲೆಟ್‌ಗೆ ಮುಖವಿದೆ, ಕಣ್ಣಿನ ಭಾವವಿದೆ, ಉಡುಪಿನ ನಿರಿಗೆಯಿದೆ. ಒಮ್ಮೆ ನೋಡಿದ ಮೇಲೆ ಆ ಸುಕುಮಾರ ಮುಖವನ್ನು ಮನಸ್ಸಿನಿಂದ ಕಳಚುವುದು ಕಷ್ಟ. ಅವು ನಾಟಕದ ಒಂದೊಂದು ಗಳಿಗೆಯನ್ನು ಹಿಡಿದಿಟ್ಟ ಬಿಡಿ ಚಿತ್ರಗಳು. ಪುಸ್ತಕದಿಂದ ಕಿತ್ತು ಗೋಡೆಗೆ ಹಾಕಿದರೂ ಅವಕ್ಕೆ ನಷ್ಟವಿಲ್ಲ. ಕ್ರೇಗ್‌ನ ಆಕೃತಿಗಳಲ್ಲಿ ಬಹುತೇಕ ಮುಖವೇ ಇಲ್ಲ. ಬಾಗಿದ ಬೆನ್ನು, ಚಾಚಿದ ತೋಳು, ಇಳಿಬಿದ್ದ ಮೇಲುವಸ್ತ್ರ, ಇಷ್ಟರಿಂದಲೇ ಆಳು ಮೂಡುತ್ತಾನೆ. ತೊಗಲುಗೊಂಬೆಯ ಪರದೆಯ ಮುಂದೆ ಕೂತವರಿಗೆ ಆಕೃತಿಯ ರೇಖೆ ಎಷ್ಟು ಹೇಳಬಲ್ಲದು, ಎಷ್ಟನ್ನು ನಮಗೆ ಬಿಡಬಲ್ಲದು ಎಂಬುದು ಗೊತ್ತು. ನಮ್ಮ ಗೊಂಬೆಗಳು ಬಣ್ಣ ತುಂಬಿ ಬೆಳಕನ್ನು ಒಳಬಿಡುತ್ತವೆ, ಕ್ರೇಗ್‌ನವು ಅದನ್ನು ತಡೆದು ನಿಲ್ಲುತ್ತವೆ, ಅದು ಬೇರೆ ಮಾತು. ಮುಖ ಕೊಡದ ಚಿತ್ರ ಬೇಲಿಯಾಗುವುದಿಲ್ಲ. ಆಕ್ಷೇಪ ಕೆಲವು ಚಿತ್ರಗಳಿಗೆ ತಾಗುತ್ತದೆ, ಚಿತ್ರ ಎಂಬುದಕ್ಕೇ ತಾಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ನಟನನ್ನು ಕುರಿತದ್ದು. ನಾಟಕದ ಜೀವ ಮನುಷ್ಯನ ದನಿಯಲ್ಲಿದೆ, ಮೈಯಲ್ಲಿದೆ, ಆ ರಾತ್ರಿ ಆ ಪ್ರೇಕ್ಷಕರ ಎದುರು ಏನಾಗುತ್ತದೋ ಅದರಲ್ಲಿದೆ. ಪುಸ್ತಕದಲ್ಲಿ ಉಸಿರಿಲ್ಲ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ದನಿಗೆ ಬದಲಿ ಇಲ್ಲ, ಎಷ್ಟೇ ಒಳ್ಳೆಯ ಅಚ್ಚಕ್ಷರವೂ ಅದನ್ನು ಕೊಡಲಾರದು. ಆದರೆ ರಂಗಪ್ರಯೋಗದಲ್ಲಿ ದನಿಯಷ್ಟೇ ಮುಖ್ಯವಾದದ್ದು ಇನ್ನೊಂದಿದೆ, ಕಾಲದ ಮೇಲಿನ ಹಿಡಿತ. ಯಾವುದು ಯಾವಾಗ ಕಾಣಬೇಕು, ಎಷ್ಟು ಹೊತ್ತು ಕಾಯಿಸಬೇಕು, ಯಾವುದನ್ನು ಥಟ್ಟನೆ ಎದುರು ತರಬೇಕು ಎಂಬ ತೀರ್ಮಾನ. ಇದು ಪುಸ್ತಕ ಮಾಡುವವನ ಕೈಯಲ್ಲಿ ಪೂರ್ತಿ ಇದೆ. ಎಡಪುಟದ ಕೊನೆಯ ಸಾಲಿಗೂ ಬಲಪುಟದ ಮೊದಲ ಸಾಲಿಗೂ ನಡುವೆ ಅಡ್ಡಿಯಿಲ್ಲ. ಬಲಪುಟದ ಕೊನೆಯಲ್ಲಿ ಮಾತ್ರ ಹಾಳೆ ಮಗುಚಬೇಕು. ಭೂತ ಕಾಣಿಸಿಕೊಳ್ಳುವ ಮಾತು ಬಲಪುಟದ ಬುಡಕ್ಕೆ ಬಂದರೆ ಓದುಗನ ಬೆರಳೇ ತೆರೆ ಎಳೆಯುತ್ತದೆ. ಎಡಪುಟದ ನಡುವೆ ಬಂದರೆ ಭೂತ ಮೊದಲೇ ಕಂಡುಹೋಗಿರುತ್ತದೆ. ಅಗ್ಗದ ಆವೃತ್ತಿಯಲ್ಲಿ ಇದು ಹೇಗೆ ಬಂತೋ ಹಾಗೆ. ಕೈಪುಸ್ತಕದಲ್ಲಿ ಒಂದು ಸಾಲಿಗಾಗಿ ಇಡೀ ಪುಟವನ್ನು ಬಿಚ್ಚಿ ಮತ್ತೆ ಮೊಳೆ ಜೋಡಿಸುತ್ತಾರೆ.

ಕ್ರೇಗ್‌ಗಂತೂ ನಟನ ಬಗ್ಗೆ ಅವನದೇ ತಕರಾರಿತ್ತು. 1908ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ತನ್ನ ಭಾವನೆಗಳಿಗೆ ತಾನೇ ವಶನಾಗುವ ನಟನ ಜಾಗಕ್ಕೆ ಒಂದು ಮಹಾ ಸೂತ್ರದಗೊಂಬೆ ಬರಬೇಕೆಂದು ವಾದಿಸಿದ. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿಯವರು ಭಾರತದ ನಾಟ್ಯಪದ್ಧತಿಯ ಬಗ್ಗೆ 1913ರಲ್ಲಿ ಬರೆದದ್ದು ಕ್ರೇಗ್‌ನ ‘ದಿ ಮಾಸ್ಕ್’ ಪತ್ರಿಕೆಯಲ್ಲಿಯೇ. ನಂದಿಕೇಶ್ವರನ ‘ಅಭಿನಯದರ್ಪಣ’ವನ್ನು ದುಗ್ಗಿರಾಲ ಗೋಪಾಲಕೃಷ್ಣಯ್ಯನವರ ಜೊತೆ ಇಂಗ್ಲಿಷಿಗೆ ತಂದು 1917ರಲ್ಲಿ ಪ್ರಕಟಿಸಿದಾಗಲೂ, ಪೀಠಿಕೆಯಲ್ಲಿ ಅವರು ಕ್ರೇಗ್‌ನನ್ನು ನೆನೆದರು. ಕುಮಾರಸ್ವಾಮಿ ಅವನಿಗೆ ತೋರಿಸಿಕೊಟ್ಟದ್ದು ಅಮೂಲ್ಯವಾದದ್ದು: ನಟನನ್ನು ಓಡಿಸಬೇಕಾಗಿಲ್ಲ, ಶಿಸ್ತಿನಲ್ಲಿ ಪಳಗಿದ ಮೈಯಿಗೆ ಒಂದೊಂದು ಹಸ್ತ, ಒಂದೊಂದು ದೃಷ್ಟಿಯೂ ಗೊತ್ತಾದ ರೂಪವೇ ಆಗಿರುತ್ತದೆ, ಆ ಕ್ಷಣದ ಆವೇಶಕ್ಕೆ ಅದು ಸಿಕ್ಕುವುದಿಲ್ಲ. ಕ್ರಾನಾಖ್ ಪುಸ್ತಕದ ಆಕೃತಿಗಳನ್ನು ನೋಡುವಾಗ ಈ ಮಾತು ನೆನಪಾಗುತ್ತದೆ. ಅಲ್ಲಿಯ ನಟರು ಕೆಲವೇ ಭಂಗಿಗಳನ್ನು ಬಲ್ಲವರು, ಆದರೆ ಆ ಭಂಗಿಗಳು ಪಕ್ಕಾ. ಮಾಸ್ಕೋದ ನಟರಿಂದ ಕ್ರೇಗ್‌ಗೆ ಸಿಗದ ಈ ನಿಯಂತ್ರಣ ಮರದ ತುಂಡಿನಿಂದ ಸಿಕ್ಕಿತು.

ಹಾಗೆಂದು, ಪುಸ್ತಕದಲ್ಲಿ ಕ್ರೇಗ್ ಕೊನೆಗೂ ತನ್ನ ಏಕಾಧಿಪತ್ಯವನ್ನು ಸ್ಥಾಪಿಸಿದ, ಒಬ್ಬನೇ ಕಲಾವಿದನ ರಂಗಭೂಮಿಯ ಅವನ ಕನಸು ಇಲ್ಲಿ ನನಸಾಯಿತು ಎಂದು ಯಾರಾದರೂ ಹೇಳಿದರೆ ಅದು ತಪ್ಪು. ನಡೆದದ್ದು ಅದರ ವಿರುದ್ಧ. ಅಕ್ಷರ ಜಾನ್‌ಸ್ಟನ್‌ನದು, ಉಕ್ಕಿನ ಕೊರೆತ ಪ್ರಿನ್ಸ್‌ನದು, ಶೀರ್ಷಿಕೆ ಗಿಲ್‌ನದು, ಪುಟದ ವಿನ್ಯಾಸ ಮತ್ತು ಕೊನೆಯಿಲ್ಲದ ತಾಳ್ಮೆ ಕೆಸ್ಲರ್‌ನದು. ಮೊಳೆ ಜೋಡಿಸಿದವರು, ಮಸಿ ಹಚ್ಚಿದವರು, ಒದ್ದೆ ಕಾಗದವನ್ನು ಹಾಳೆ ಹಾಳೆಯಾಗಿ ಇಟ್ಟು ಒತ್ತಿದವರು ಬೇರೆ. ಪಠ್ಯ ಕೂಡ ಎರಡು ಕೈಗಳದು. ಜರ್ಮನ್ ಆವೃತ್ತಿಗೆ ನಾಟಕಕಾರ ಗೆರ್ಹಾರ್ಟ್ ಹೌಪ್ಟ್‌ಮನ್ ಅನುವಾದ ಮಾಡಿದ. ಇಂಗ್ಲಿಷ್ ಆವೃತ್ತಿಗೆ ವಿದ್ವಾಂಸ ಡೋವರ್ ವಿಲ್ಸನ್ ಎರಡನೆಯ ಕ್ವಾರ್ಟೊವನ್ನು ಆಧರಿಸಿ ಪಾಠವನ್ನು ಸಂಪಾದಿಸಿದ. ಭಾಷೆ ಬದಲಾದೊಡನೆ ಸಾಲುಗಳ ಉದ್ದ ಬದಲಾಗುತ್ತದೆ, ಮಾತು ಬೀಳುವ ಜಾಗ ಬದಲಾಗುತ್ತದೆ, ಚಿತ್ರ ಯಾವ ಮಾತಿನ ಪಕ್ಕ ನಿಲ್ಲಬೇಕೆಂಬ ಲೆಕ್ಕವೆಲ್ಲ ಮೊದಲಿನಿಂದ ಶುರುವಾಗುತ್ತದೆ. ಹೆಚ್ಚುಕಡಿಮೆ ಅದೇ ಮರದಚ್ಚುಗಳಿಂದ ಎರಡು ಬೇರೆ ಪುಸ್ತಕಗಳಾದವು, ಒಂದೇ ಸಜ್ಜಿಕೆಯಲ್ಲಿ ಎರಡು ತಂಡಗಳು ಆಡಿದ ಹಾಗೆ. ನಾಟಕ ಎಂದೂ ಒಬ್ಬನಿಂದ ಆಗುವ ಕೆಲಸವಲ್ಲ. ಪುಸ್ತಕವಾಗುವಾಗಲೂ ಅದು ತನ್ನ ಈ ಸ್ವಭಾವವನ್ನು ಬಿಟ್ಟುಕೊಡಲಿಲ್ಲ.

ಉಳಿದದ್ದು ಹಣದ ಆಕ್ಷೇಪ. ಇಂಗ್ಲಿಷ್ ಆವೃತ್ತಿಯ ಪ್ರತಿಗಳು ಒಟ್ಟು 322: ಕೈಕಾಗದದ ಮೇಲೆ 300, ಜಪಾನಿ ಕಾಗದದ ಮೇಲೆ 15, ಹದ ಮಾಡಿದ ಚರ್ಮದ ಹಾಳೆಯ ಮೇಲೆ 7. ಷೇಕ್ಸ್‌ಪಿಯರನ ನಾಟಕಕ್ಕೆ ಲಂಡನ್ನಿನ ಕೂಲಿಯವನೂ ಒಂದು ಪೆನ್ನಿ ಕೊಟ್ಟು ನಿಂತು ನೋಡುತ್ತಿದ್ದ. ಆ ನಾಟಕವನ್ನು ಹೀಗೆ ಸಿರಿವಂತರ ಕಪಾಟಿಗೆ ಸೇರಿಸುವುದು ಸರಿಯೇ? ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಕೆಸ್ಲರ್‌ನ ಪಿತ್ರಾರ್ಜಿತ ಇಲ್ಲದಿದ್ದರೆ ಈ ಪುಸ್ತಕ ಆಗುತ್ತಿರಲಿಲ್ಲ. ಆ ಹಣವೂ ಉಳಿಯಲಿಲ್ಲ. ಆರ್ಥಿಕ ಕುಸಿತದಲ್ಲಿ 1931ರಲ್ಲಿ ಪ್ರೆಸ್ ಮುಚ್ಚಿತು. ಯುದ್ಧವಿರೋಧಿಯಾಗಿದ್ದ ಕೆಸ್ಲರ್ 1933ರಲ್ಲಿ ನಾಜಿಗಳ ಜರ್ಮನಿಯನ್ನು ಬಿಟ್ಟುಹೋಗಿ 1937ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಆದರೂ ಇಷ್ಟು ಹೇಳಬಹುದು. ಪ್ರತಿಗಳ ಸಂಖ್ಯೆಯನ್ನು ಪುಸ್ತಕದ ಅಳತೆಗೋಲಿನಿಂದ ಅಳೆದರೆ 322 ತೀರಾ ಕಡಿಮೆ. ರಂಗದ ಅಳತೆಗೋಲಿನಿಂದ ಅಳೆದರೆ ಅದು ಒಂದು ಸಣ್ಣ ರಂಗಮಂದಿರದ ಒಂದು ಸಂಜೆಯ ಪ್ರೇಕ್ಷಕರ ಲೆಕ್ಕ. ಮಾಸ್ಕೋದ ಪ್ರಯೋಗವನ್ನು ಇಂದು ಯಾರೂ ನೋಡಲಾರರು, ಉಳಿದಿರುವುದು ರೇಖಾಚಿತ್ರಗಳು, ಫೋಟೋಗಳು, ನೆನಪಿನ ಜಗಳಗಳು. ವೈಮಾರ್‌ನ ಪ್ರಯೋಗ ಗ್ರಂಥಾಲಯಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಇದೆ, ಕೇಳಿದವರಿಗೆ ಇಂದೂ ನಡೆಯುತ್ತದೆ. ಹ್ಯಾಮ್ಲೆಟ್ ಅನ್ನು ಮೊದಲ ಬಾರಿ ಓದುವ ವಿದ್ಯಾರ್ಥಿಗೆ ನಾನು ಈ ಪುಸ್ತಕವನ್ನು ಕೊಡುವುದಿಲ್ಲ, ಟಿಪ್ಪಣಿಯಿರುವ ಅಗ್ಗದ ಪ್ರತಿಯನ್ನೇ ಕೊಡುತ್ತೇನೆ. ಅಗ್ಗದ ಪ್ರತಿ ಎಲ್ಲರ ಕೈಗೆ ಸಿಗಬೇಕು ಎಂಬ ಮಾತೂ ಹೀಗೊಂದು ಪ್ರಯೋಗ ನಡೆಯಬೇಕು ಎಂಬ ಮಾತೂ ಒಂದಕ್ಕೊಂದು ವಿರೋಧವಲ್ಲ.

ಕೆಸ್ಲರ್‌ನ ಸಂಪತ್ತು ಇಲ್ಲದವರೂ ಇಂಥ ಪುಸ್ತಕ ಮಾಡಬಹುದು. ಮರದ ಬದಲು ಲಿನೋಲಿಯಂ, ಹಳೆಯ ಕೈಪ್ರೆಸ್ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿ ತೆಗೆದ ಅಚ್ಚು, ಮಾತುಗಳಿಗೆ ಕೈಬರಹ ಸಾಕು. ಎಡವುವುದು ಸಾಮಾನ್ಯವಾಗಿ ಸಾಮಗ್ರಿಯಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಮೊದಲು ಇಷ್ಟವಾದ ದೃಶ್ಯಗಳ ಚಿತ್ರ ಮಾಡಿಕೊಂಡು, ಆಮೇಲೆ ಅವುಗಳನ್ನು ಪುಸ್ತಕದಲ್ಲಿ ಎಲ್ಲಿ ಕೂರಿಸಲಿ ಎಂದು ಹುಡುಕುವವರೇ ಹೆಚ್ಚು. ಮಾಡಬೇಕಾದದ್ದು ಖಾಲಿ ಹಾಳೆಗಳನ್ನು ಮಡಿಸಿ ಹೊಲಿದ ಒಂದು ಮಾದರಿ ಪ್ರತಿಯಿಂದ ಶುರು. ಹಾಳೆಗಳನ್ನು ನಡುವೆ ಮಡಿಸಿ ಒಂದರೊಳಗೊಂದು ಸೇರಿಸಿದರೆ ಒಂದು ಫಾರಂ. ಅದರ ನಟ್ಟನಡುವಿನ ಎರಡು ಪುಟಗಳು ಮಾತ್ರ ಒಂದೇ ಅಖಂಡ ಹಾಳೆ. ಉಳಿದ ಕಡೆ ಎದುರುಬದುರು ಕಾಣುವ ಪುಟಗಳು ಬೇರೆ ಬೇರೆ ಹಾಳೆಗಳವು, ಅಲ್ಲಿ ಎರಡೂ ಪುಟಕ್ಕೆ ಹರಡಿದ ಚಿತ್ರ ಮಡಿಕೆಯಲ್ಲಿ ಕೂದಲೆಳೆಯಷ್ಟಾದರೂ ತಪ್ಪುತ್ತದೆ. ಹಾಗಾಗಿ ಇಡೀ ಆಸ್ಥಾನ ನೆರೆಯುವ ದೃಶ್ಯ ಫಾರಂನ ನಡುವೆ ಬೀಳುವಂತೆ ಮುಂದಿನ ಹಿಂದಿನ ಪುಟಗಳನ್ನೆಲ್ಲ ಲೆಕ್ಕ ಹಾಕಬೇಕು. ಕಾಗದದ ಎಳೆ ಬೆನ್ನಿಗೆ ಸಮಾಂತರವಾಗಿ ಹರಿಯುವಂತಿದ್ದರೆ ಹಾಳೆ ಮೆತ್ತಗೆ ಮಗುಚುತ್ತದೆ. ಅಡ್ಡ ಹರಿದರೆ ಹಾಳೆ ಸೆಟೆದು ನಿಲ್ಲುತ್ತದೆ, ಅಳತೆ ಮಾಡಿ ಕಾಯಿಸಿದ ಗಳಿಗೆ ಆ ಸೆಟೆತದಲ್ಲೇ ಹಾಳಾಗುತ್ತದೆ. ಹಿಂಬದಿಯ ಮಸಿ ಈಚೆಗೆ ಮಸುಕಾಗಿ ಕಾಣುವಷ್ಟು ತೆಳು ಕಾಗದ ಬೇಕೇ ಬೇಡವೇ ಎಂಬುದೂ ನಾಟಕದ ಪ್ರಶ್ನೆಯೇ. ತೆರೆಯ ಹಿಂದೆ ಅಡಗಿ ಕೇಳುವ ಪೊಲೋನಿಯಸ್‌ನ ದೃಶ್ಯಕ್ಕೆ ಆ ತೆಳುವು ವರವಾಗಬಹುದು.

ಕನ್ನಡದಲ್ಲಿ ಈ ಕೆಲಸಕ್ಕೆ ಕಾದಿರುವ ನಾಟಕವೊಂದಿದೆ. ಕುವೆಂಪು 1932ರಲ್ಲಿ ಪ್ರಕಟಿಸಿದ ‘ರಕ್ತಾಕ್ಷಿ’, ಹ್ಯಾಮ್ಲೆಟ್‌ನ ಕತೆಯನ್ನು ಬಿದನೂರಿನ ಅರಸರ ಅರಮನೆಗೆ ತಂದ ನಾಟಕ. ಡೆನ್ಮಾರ್ಕಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಮಲೆನಾಡಿಗೆ ಬಂದ ಕತೆ. ಕೆಸ್ಲರ್ ಸ್ಯಾಕ್ಸೊನನ್ನು ಅಂಚಿನಲ್ಲಿ ನಿಲ್ಲಿಸಿದ ಹಾಗೆ ಇಲ್ಲಿ ಅಂಚಿನಲ್ಲಿ ಷೇಕ್ಸ್‌ಪಿಯರನೇ ನಿಲ್ಲಬಹುದು, ಇನ್ನೊಂದು ಅಂಚಿನಲ್ಲಿ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಹೇಳುವ ಇತಿಹಾಸ. ಮರದಚ್ಚು ಕೊರೆಯುವ ಕೈಗಳಿಗಾಗಿ ದೂರ ಹೋಗಬೇಕಾಗಿಲ್ಲ. ಬಿದನೂರಿಗೆ ಹತ್ತಿರದ ಸಾಗರ, ಸೊರಬಗಳ ಗುಡಿಗಾರರು ತಲೆಮಾರುಗಳಿಂದ ಶ್ರೀಗಂಧದಲ್ಲಿ, ಬೇರೆ ಮರಗಳಲ್ಲಿ ಕೊರೆಯುತ್ತ ಬಂದವರು. ಅವರ ಉಳಿಗೆ ರೂಢಿಯಾಗಿರುವುದು ತುಂಬು ಬಳ್ಳಿ, ಹೂವು, ದಟ್ಟ ಕುಸುರಿ. ಕ್ರೇಗ್‌ನ ಬೋಳು ಹಲಗೆಗಳ ದಾರಿ ಅದಕ್ಕೆ ಪೂರ್ತಿ ಎದುರು. ಅವನ ಶೈಲಿಯನ್ನು ಇಲ್ಲಿ ನಕಲು ಮಾಡಿದರೆ ಪುಸ್ತಕ ಸತ್ತಂತೆ. ಮಲೆನಾಡಿನ ಅರಮನೆಗೆ ಮಳೆಯಿದೆ, ಮಾಡಿದೆ, ಕೆತ್ತಿದ ಕಂಬಗಳಿವೆ, ಆ ಕುಸುರಿಯ ದಟ್ಟಣೆಯೊಳಗೇ ಉಸಿರುಗಟ್ಟುವ ಮನುಷ್ಯನನ್ನು ತೋರಿಸುವ ಬೇರೆ ಉಪಾಯ ಬೇಕು. ಮುಖ್ಯವಾಗಿ, ಕುವೆಂಪು ನಾಟಕಕ್ಕೆ ಹೆಸರು ಕೊಟ್ಟದ್ದು ರಾಜಕುಮಾರನದಲ್ಲ, ರಕ್ತಾಕ್ಷಿಯಾಗುವ ಹೆಣ್ಣಿನದು. ಹಾಗಾಗಿ ಇಲ್ಲಿ ಪುಸ್ತಕ ಮಾಡುವವರು ಮೊದಲ ಅಚ್ಚು ಕೊರೆಯುವ ಮುನ್ನವೇ ತೀರ್ಮಾನಿಸಬೇಕಾದದ್ದು, ಇಡೀ ನಾಟಕವನ್ನು ಯಾರ ಕಣ್ಣಿನಿಂದ ತೋರಿಸುತ್ತೇವೆ ಎಂಬುದನ್ನು, ಮತ್ತು ಅವಳ ಆಕೃತಿ ಮೊದಲು ಕಾಣುವುದು ಎಡಪುಟದಲ್ಲೋ, ಹಾಳೆ ಮಗುಚಿದ ಮೇಲೋ ಎಂಬುದನ್ನು.